ಹುರಿ

ಯಿಬಿನ್‌ನಲ್ಲಿ ಎರಡು ನದಿ ಕೂಡುವ ಕಡೆ
ನಲವತ್ತು ವರ್ಷ ಹಗ್ಗ ಹೊಸೆದವನು ನಾನು, ಲುವೊ ತಿಂಗ್‌ಶಾನ್.
ಬಿದಿರಿನ ಸೀಳು, ಸೆಣಬು, ಕೊನೆಕೊನೆಗೆ ನೈಲಾನು,
ಕೈಗೆ ಸಿಕ್ಕಿದ್ದೆಲ್ಲ ಹುರಿಗೊಂಡು ದೋಣಿ ಎಳೆದಿದೆ.
ಹಾಗಾಗಿ ಡಾಕ್ಟರು ಚಿಯು ಕಾಗದದ ಮೇಲೆ
ಎರಡೆಳೆಯ ಏಣಿ ಬರೆದು ತಿರುಚಿದಾಗ
ನಾನೇ ಅಂದೆ: ಇದು ಹಗ್ಗ ಮಗಳೇ, ಮುಂದೆ ಹೇಳು.

ಹಗ್ಗದ ನಡುವೆ ಬೆರಳಿಟ್ಟು ಎಳೆ ಬಿಡಿಸುತ್ತ ಹೋದರೆ
ಮುಂದಿನದು ಬಿಗಿದು ಬಿಗಿದು ಸಿಕ್ಕಾಗುತ್ತದೆ.
ಜೀವಕೋಶಕ್ಕೂ ಇದು ಗೊತ್ತಂತೆ. ಅಲ್ಲೊಬ್ಬ ಕೆಲಸಗಾರ
ಒಂದೆಳೆ ಕತ್ತರಿಸಿ, ಒಂದು ಸುತ್ತು ಬಿಗಿ ಸಡಿಲಿಸಿ
ಮತ್ತೆ ಬೆಸೆಯುತ್ತಾನೆ, ಕಣ್ಣು ಮಿಟುಕಿಸುವುದರೊಳಗೆ.
ನನಗಾದರೆ ಒಂದು ಬೀಡಿ ಸುಡುವಷ್ಟು ಹೊತ್ತು.

ಆಸ್ಪತ್ರೆ ಅಂಗಳದ ಮರಕ್ಕೆ ನಮ್ಮಲ್ಲಿ ಸಂತೋಷದ ಮರ ಎಂದು ಹೆಸರು.
ಅದರ ತೊಗಟೆಯಲ್ಲಿ ಸಿಕ್ಕ ಕಹಿಯ ಮೊಮ್ಮಗ
ತಿಳಿಹಳದಿ ನೀರಾಗಿ ಈಗ ನನ್ನ ತೋಳಿಗಿಳಿಯುತ್ತಿದೆ.
ತಾನಾಗಿ ಏನನ್ನೂ ಕಡಿಯುವುದಿಲ್ಲ ಅದು.
ಕತ್ತರಿಸಿದ ಬಾಯಿಗೆ ಬೆಣೆಯಂತೆ ಕೂತುಬಿಡುತ್ತದೆ;
ಬೆಸೆಯಬೇಕಾದ ಕೈ ಅಲ್ಲೇ ಅಂಟಿಕೊಳ್ಳುತ್ತದೆ.
ಅಷ್ಟರಲ್ಲಿ ನಕಲು ತೆಗೆಯುವ ಯಂತ್ರ ಓಡಿಬಂದು ಢಿಕ್ಕಿ,
ಹಗ್ಗವೇ ತುಂಡು.

ದುರಸ್ತಿಯವರು ಬರುವುದಿಲ್ಲವೇ? ನನ್ನ ಕಸುಬು ಕೇಳಿಸಿತು.
ಬರುತ್ತಾರೆ, ಅಂದಳು. ಒಳ್ಳೆಯ ಕೋಶದಲ್ಲಿ ತಂಡವೇ ಇದೆ,
ಪಕ್ಕದ ಹಗ್ಗ ನೋಡಿಕೊಂಡು ಎಳೆಗೆ ಎಳೆ ಕೂಡಿಸುವವರು.
ನಿಮ್ಮ ಕರುಳಿನ ಗಡ್ಡೆಯಲ್ಲಿ ಆ ತಂಡಕ್ಕೆ ಮೇಸ್ತ್ರಿ ಇಲ್ಲ.
ಅದಕ್ಕೇ ಮದ್ದು ನಾಟಬಹುದು. ಬಹುದು, ಎಂದಳು ಇನ್ನೊಮ್ಮೆ.

ಜೀವಮಾನವಿಡೀ ಹರಿದದ್ದು ಕೂಡಿಸಿದವನು
ಈಗ ಕೂಡದಿರಲಿ ಎಂದು ಹರಕೆ ಹೊರಬೇಕು.

ನಾದಿನಿ ಶ್ಯೂಚಿನ್ ಥರ್ಮಾಸು ತುಂಬ ಕಷಾಯ ತಂದಳು:
ಹನ್ನೊಂದು ಬೇರು, ಮೂರು ಹೂವು, ಅವಳ ಎರಡು ರಾತ್ರಿಯ ನಿದ್ದೆ.
ಗಿಡದ ಮದ್ದಿಗೆ ಗಿಡ ಜೊತೆಯಾದರೆ ತಪ್ಪೇನು?
ಡಾಕ್ಟರು ಮುಚ್ಚಳ ತೆಗೆದು ಮೂಸಿದಳು, ಬೈಯಲಿಲ್ಲ.
"ಇದು ಮದ್ದನ್ನು ಯಕೃತ್ತಿನ ಬಾಗಿಲಲ್ಲೇ ಹೊರಗಟ್ಟಬಹುದು,
ಇಲ್ಲವೇ ಗಡ್ಡೆಯ ಕೈಗೇ ಸೂಜಿದಾರ ಕೊಡಬಹುದು.
ಯಾವುದೆಂದು ನನಗೂ ತಿಳಿಯದು. ಅದಕ್ಕೇ ಬೇಡ."
ನಾದಿನಿ ಅದನ್ನು ಕಿಟಕಿಯ ಕುಂಡಕ್ಕೆ ಸುರಿದಳು.
ಕುಂಡದ ಗಿಡ ಚೆನ್ನಾಗಿದೆ. ನಾನು ನಾಲ್ಕು ದಿನ ಕಕ್ಕಸಿನಲ್ಲೇ ಕಳೆದೆ.

ಮೂರನೆಯ ಸುತ್ತಿಗೆ ಅವಳು ಮೆಲ್ಲಗೆ ಕೇಳಿದಳು,
ನಿಮಗೆ ಮಕ್ಕಳೆಷ್ಟು?
ಮೇಸ್ತ್ರಿ ಕಾಣೆಯಾದದ್ದು ಬರೀ ಗಡ್ಡೆಯ ಕಥೆಯಲ್ಲವಂತೆ.
ಅರ್ಧ ತಪ್ಪು ನಾನು ಹುಟ್ಟುವಾಗಲೇ ತಂದದ್ದು.
ಒಬ್ಬಳೇ, ಅಂದೆ. ಚೊಂಗ್‌ಚಿಂಗ್ ಬಂದರಿನಲ್ಲಿ ಕ್ರೇನ್ ನಡೆಸುತ್ತಾಳೆ.
ಹಗ್ಗ ಬೆಸೆಯುವುದು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ.
ಇನ್ನೇನು ಕೊಟ್ಟಿದ್ದೇನೆಂದು
ಒಂದು ಬೆರಳುದ್ದದ ಸೀಸೆ ಹೇಳಲಿದೆ.

ನಿನ್ನೆ ಬಂದಳು. ರಕ್ತ ಕೊಟ್ಟು, ತೋಳು ಮಡಿಸಿ ಕೂತಳು.
ಮಂಚಕ್ಕೆ ನನ್ನ ಚೀಲ ಕಟ್ಟಿದ್ದ ದಾರ ಹರಿದಿತ್ತು.
ಎಳೆ ಬಿಡಿಸಿ, ಒಂದರೊಳಗೊಂದು ತೂರಿಸಿ, ಎಂಜಲು ಹಚ್ಚಿ
ಹೊಸೆದಳು. ಎಲ್ಲಿ ಹರಿದಿತ್ತೋ ತಡವಿದರೂ ಸಿಗದು.
ಹೊರಗೆ ಸಂತೋಷದ ಮರ ಮುಳ್ಳುಂಡೆ ಉದುರಿಸುತ್ತಲೇ ಇತ್ತು.
ಕಸ ಗುಡಿಸುವವಳು ಅದಕ್ಕೆ ಇಟ್ಟಿರುವ ಹೆಸರೇ ಬೇರೆ.