ಏಳು

ಗೋಣಿಕೊಪ್ಪಲಿನಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ.
ಕೊರಳಲ್ಲಿ ಕರ್ತಮಣಿಗಿಂತ ಹೆಚ್ಚು ಹೊತ್ತು
ನೇತಾಡುವುದು ಅಳತೆ ಟೇಪು.
ಜೂನಿನಿಂದ ಅದು ನಾರುತ್ತಿತ್ತು.

ಮಗಳು ಬೋಜಕ್ಕ. ಒಂಬತ್ತನೇ ಕ್ಲಾಸು,
ಗಣಿತದಲ್ಲಿ ಇಪ್ಪತ್ತೆಂಟು.
ಶಾಲೆಯವರು ಹಂಚಿದ ಹಂದಿಮರಿಗಳಲ್ಲಿ
ಅವಳ ಪಾಲಿಗೆ ಬಂದದ್ದು ಏಳನೆಯದು,
ಮೊಲೆ ಸಿಗದೆ ಅಂಚಿಗೆ ಬಿದ್ದದ್ದು.
"ಹೆಸರಿಡಬೇಡ, ಆಮೇಲೆ ಮಾರಲಿಕ್ಕಾಗುವುದಿಲ್ಲ"
ಅಂದಿದ್ದರು ಮೇಷ್ಟ್ರು.
ಇಡಲಿಲ್ಲ. ಏಳು ಅಂದಳು, ಬರೀ ಲೆಕ್ಕಕ್ಕೆ.

ಹದಿನಾಲ್ಕು ವರ್ಷ ನಾನು ಬೆಳಿಗ್ಗೆ ಕೂಗಿದ ಮಾತು ಅದು.
ಏಳು, ಬಸ್ಸು ಹೋಗುತ್ತೆ. ಏಳು, ಕಾಫಿ ಆರಿತು.
ಈಗ ಐದು ಗಂಟೆಗೇ ಹಿತ್ತಲಿನಿಂದ ಅವಳ ದನಿ:
"ಏಳು, ಬಾ ಬಾ, ಏಳು"
ನಿದ್ದೆಗಣ್ಣಲ್ಲಿ ನಾನೇ ಎದ್ದು ಕೂತೆ,
ಒಂದಲ್ಲ, ಎರಡು ಸಲ.

ಹೋಟೆಲಿನ ಮುಸುರೆ ಕುದಿಸಿಯೇ ಹಾಕಬೇಕು.
ಒಂದು ವಾರ ಸೋಮಾರಿತನ ಮಾಡಿದಳು,
ಮರಿಗೆ ಭೇದಿ ಹತ್ತಿತು.
ಡಾಕ್ಟರ ಮುಂದೆ ಏನು ಹೇಳಿದಳೋ ಗೊತ್ತಿಲ್ಲ,
ನೋಟುಬುಕ್ಕಿನಲ್ಲಿ ಇತ್ತು:
ಆಗಸ್ಟ್ ಹತ್ತೊಂಬತ್ತು. ತಪ್ಪು ನನ್ನದು.

ತೂಕದ ಯಂತ್ರ ಎಲ್ಲಿಂದ ತರುವುದು? ಟೇಪು ಒಯ್ಯುತ್ತಿದ್ದಳು.
ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸು,
ಉದ್ದದಿಂದ ಇನ್ನೊಮ್ಮೆ,
ನಾನೂರರಿಂದ ಭಾಗಿಸು, ಪೌಂಡು ಬರುತ್ತದೆ.
ಪೌಂಡನ್ನು ಕಿಲೋ ಮಾಡುವಾಗ ನಾಲಗೆ ಕಚ್ಚಿಕೊಳ್ಳುತ್ತಿದ್ದಳು.

ಹಂದಿಯನ್ನು ಎಳೆದರೆ ಹಿಂದಕ್ಕೆ ಹೋಗುತ್ತದೆ,
ತಳ್ಳಿದರೆ ಪಕ್ಕಕ್ಕೆ.
ಹಲಗೆಯೊಂದು ಹಿಡಿದು ಅದರ ಭುಜದ ಹಿಂದೆ,
ತನಗೇನೂ ಅವಸರವಿಲ್ಲವೆಂಬಂತೆ ನಡೆಯಬೇಕಂತೆ.
ಅವಸರದ ಹುಡುಗಿ ಅವಳು,
ತಿಂಗಳುಗಟ್ಟಲೆ ಓಣಿಯಲ್ಲಿ ನಡೆದಳು.

ಹುತ್ತರಿ ಕಳೆದ ಮೇಲೆ ಪೊನ್ನಂಪೇಟೆ ಮೈದಾನದಲ್ಲಿ ಪ್ರದರ್ಶನ.
ಮೈಕು ಕಿರುಚಿತು, ಏಳು ನಡುವಲ್ಲೇ ಮಲಗಿತು.
"ಏಳು" ಅಂದಳು. "ಏಳು."
ಜನ ನಕ್ಕರು.
ಪಕ್ಕದ ಹುಡುಗ ಕೋಲು ಚಾಚಿದ, ತೆಗೆದುಕೊಳ್ಳಲಿಲ್ಲ.
ಹಲಗೆ ಊರಿಕೊಂಡು ನಿಂತಳು,
ಕಿವಿ ಕೆಂಪು, ಕಾಲು ಅಲುಗಲಿಲ್ಲ.
ಅದಕ್ಕೆ ಬೇಕೆನಿಸಿದಾಗ ಅದು ಎದ್ದಿತು.

ಮೂರನೇ ಬಹುಮಾನ, ಒಂದು ಸ್ಟೀಲು ಬಕೆಟ್ಟು.

ಗೇಟಿನ ಬಳಿ ವ್ಯಾಪಾರಿ ಕಾದಿದ್ದ.
ಕಣ್ಣಲ್ಲೇ ತೂಗಿ, "ಎಪ್ಪತ್ತೈದು ಕಿಲೋ" ಅಂದ.
ಬೋಜಕ್ಕ ಅವನನ್ನು ನೋಡುತ್ತಲೇ
ನನ್ನತ್ತ ಕೈಚಾಚಿದಳು.
ಕೊರಳಿಂದ ಟೇಪು ತೆಗೆದುಕೊಟ್ಟೆ.
ಸುತ್ತು ನಲವತ್ತೊಂದು, ಉದ್ದ ನಲವತ್ತೆಂಟು.
"ತೊಂಬತ್ತೊಂದು" ಅಂದಳು, "ಬೇಕಾದರೆ ತೂಗಿಸಿ."
ತೂಗಿಸಿದ. ತೊಂಬತ್ತೆರಡು.
ಆ ಒಂದು ಕಿಲೋ ಅವನೇ ಹೇಳಬೇಕಾಯಿತು.

ನೋಟು ಎರಡು ಸಲ ಎಣಿಸಿದಳು.
ಹಿಂಡಿ ಸಾಲ ಮೊದಲು ಬೇರೆ ಇಟ್ಟಳು.
ವ್ಯಾನು ತಿರುಗುವವರೆಗೆ ಹಲಗೆ ಬಿಡಲಿಲ್ಲ.

ಮರುದಿನ ಐದಕ್ಕೆ ನನಗೆ ಎಚ್ಚರ. ದನಿಯಿಲ್ಲ.
ಹಿತ್ತಲಿಗೆ ಹೋದರೆ, ಖಾಲಿ ಗೂಡಿಗೆ
ಅವಳು ಸುಣ್ಣ ಎರಚುತ್ತಿದ್ದಳು.
ಮೇಷ್ಟ್ರು ಹೇಳಿದ್ದರಂತೆ, ಹಾಗೆಯೇ ಬಿಡಬಾರದೆಂದು.

ಅಂಗಡಿ ತೆರೆದೆ. ಮದುವೆಯ ಬ್ಲೌಸಿಗೆ ಒಬ್ಬರು ಬಂದರು.
ಎದೆಗೆ ಟೇಪು ಸುತ್ತಿ, ಅಂಕಿ ನೋಡಿ, ಸುಮ್ಮನಾದೆ.
"ಯಾಕಕ್ಕಾ, ದಪ್ಪ ಆಗಿದ್ದೀನಾ?"
ಇಲ್ಲ ಇಲ್ಲ, ಅಂದೆ. ನಲವತ್ತೊಂದು.
ಒಳ್ಳೆಯ ಅಳತೆ.