ಭೀಮಶಾನ ಭ

ನಮ್ಮ ಭೀಮಶಾ ತನ್ನ ಹೆಸರು ಬರೀತಾನ:
ಬೀಮಶಾ.
"ಹೊಟ್ಟಿ ಸೀಳೋ ತಮ್ಮಾ" ಅಂತೀನಿ.
"ಯಾರದು?" ಅಂತಾನ.

ಹನ್ನೊಂದು ವರ್ಷ. ಶಹಾಬಾದದ ಪಾಲಿಶ್ ಮಷೀನು
ಯಾಕ ನರಳ್ಲಕತ್ತದ, ಯಾವ ಬೇರಿಂಗು ಸತ್ತದ,
ಗೇಟಿನ ಹೊರಗ ನಿಂತೇ ಹೇಳ್ತಾನ.
ಎರಡು ಫೂಟು ಒಂದೂವರಿ, ನೂರಾ ನಲವತ್ತು ಪರ್ಸಿ:
ಸಾಹುಕಾರ ಕಿಸೆದಾಗಿನ ಮೊಬೈಲು ತೆಗೆಯೋದರಾಗ
"ನಾಕನೂರಾ ಇಪ್ಪತ್ತು" ಅಂದು
ಆಚೆ ಹೋಗಿ ಗೋಲಿ ಆಡ್ತಿರ್ತಾನ.

ಪುಸ್ತಕ ತೆರೆದರ ಮಾತ್ರ
ಮ ಹೋಗಿ ವ ದ ಮನ್ಯಾಗ ಕೂಡ್ತದ,
ಥ ತನ್ನ ಚುಕ್ಕಿ ಉಗುಳಿ ದ ಆಗ್ತದ,
ಒತ್ತಕ್ಷರ ಎಲ್ಲಾ
ಇಂಜಿನು ಬಿಟ್ಟುಹೋದ ಬೋಗಿ ಹಂಗ
ಸಾಲಿನ ಕೆಳಗ ನಿಂತುಬಿಡ್ತಾವ.
"ಇರುವಿ ಹರದಾಡ್ತಾವ ಅಕ್ಕಾ, ನಿನಗ ಕಾಣೂದಿಲ್ಲೇನು?"

ಮಾಸ್ತರರು ಅಂದರು: ದಡ್ಡ ಅಲ್ಲ, ಮೈಗಳ್ಳ.
ಅವ್ವ ಅಂದಳು: ಅವನ ಮುತ್ತ್ಯಾನೂ ಹೆಬ್ಬೆಟ್ಟೇ,
ಉಪಾಸ ಸತ್ತನೇನು?
ನಾನು ಪಿಯುಸಿ. ಕನ್ನಡದಾಗ ತೊಂಬತ್ತಾರು.
ತಿಂಗಳೊಪ್ಪತ್ತಿನಾಗ ಓದಿಸಿ ತೋರಿಸ್ತೀನಿ ಅಂದೆ.
ಹತ್ತು ಸಲ ಬರಿ. ಇಪ್ಪತ್ತು ಸಲ ಬರಿ.
ತಪ್ಪು ಇಪ್ಪತ್ತು ಸಲ ಗಟ್ಟಿಯಾತು.

ಆಮ್ಯಾಲ ಒಂದು ಕೆಟ್ಟ ಕೆಲಸ ಮಾಡಿದೆ.
ದೀಪಾವಳಿ ಸೂಟಿಯ ಹೋಂವರ್ಕು
ಎಡಗೈಲೆ ನಾನೇ ಬರದೆ,
ಅವನದರ ಹಂಗ ಸೊಟ್ಟ ಸೊಟ್ಟ,
ನಡು ನಡುವ ಬೇಕಂತ ಎರಡು ತಪ್ಪು.
ವಹಿ ತಿರುಗಿ ಬಂತು. ಕೆಂಪು ಮಸಿ.
"ಏನು ಬರದಾರ, ಓದಕ್ಕಾ."
ಸುಧಾರಣೆ ಇದೆ.
ಅವ ನಗಲಿಲ್ಲ.
ಕೆಂಪು ಸಾಲಿನ ಮ್ಯಾಲ ಬೆರಳಾಡಿಸಿ ಕೇಳಿದ:
"ಯಾರಿಗೆ?"

ಐತವಾರ ಅಪ್ಪನ ಬುತ್ತಿ ಒಯ್ದಾಗ
ಖಣಿಯ ದಂಡಿಗೆ ನನ್ನ ಕೂಡಿಸಿ
ಸಣ್ಣ ಸುತಿಗಿಲೆ ಕಲ್ಲು ಬಡದ.
"ಇಲ್ಲಿ ಗಟ್ಟಿ. ಇಲ್ಲಿ ಸೆಲಿ ಅದ. ಗೊತ್ತಾತಾ?"
ಎರಡೂ ಟಣ್ ಟಣ್.
"ಇಲ್ಲ."
"ಮತ್ತ ಕೇಳು."
ಟಣ್. ಟಣ್.
"ಇಲ್ಲೋ."
"ಅವಸರ ಮಾಡಬ್ಯಾಡ, ಕಣ್ಣು ಮುಚ್ಚಿ ಕೇಳು."
ಎಷ್ಟು ಸಲ ಬಡದನೋ, ಅವ ಎಣಿಸಲೇ ಇಲ್ಲ.
ಎಣಿಕಿ ಅವನ ಆಟ, ಆದರೂ ಎಣಿಸಲಿಲ್ಲ.

ಮನಿಗಿ ಬರೋ ಹಾದ್ಯಾಗ ಹೇಳಿದೆ:
ಅಂಗೈ ಬಾಯಿ ಮುಂದ ಹಿಡಿ. ಬ ಅನ್ನು.
ಬ.
ಈಗ, ಬಾಜೂಮನಿ ಮೌಲಾಲಿ "ಭಾಯಿ" ಅಂತಾನಲ್ಲ,
ಹಂಗನ್ನು.
ಭ.
ನಿಂತುಬಿಟ್ಟ.
"ಗಾಳಿ ಬಂತು!"
ಆ ಗಾಳಿ ಹೊರಗ ಬೀಳೋ ಕಿಂಡಿನೋ ಅದು,
ಯಾರ ಹೊಟ್ಟಿನೂ ಸೀಳಿಲ್ಲ.

ರಾತ್ರಿ ಒಡದ ಪರ್ಸಿ ತುಂಡಿನ ಮ್ಯಾಲ
ಅಪ್ಪನ ಮೊಂಡ ಉಳಿ ಹಿಡಿದು ಕುಂತ.
ಪುಡಿ ಊದಿದ, ಮತ್ತ ಕೆತ್ತಿದ.
ಅವ್ವ ಬೈದಳು: ನಿದ್ದಿ ಬ್ಯಾಡೇನು ನಿಮಗ?

ಮುಂಜಾನೆ ಬಚ್ಚಲ ಕಟ್ಟಿ ಮ್ಯಾಲ ಆ ಕಲ್ಲು:
ಭೀವಶಾ.

ನೋಡಿದೆ.
ಬಾಯಿಗಿ ಬಂದದ್ದು ನುಂಗಿದೆ.
ಕಿಂಡಿ ಛಂದ ಬಿದ್ದದ.
ಬೆರಳಿಟ್ಟರ ಥಣ್ಣಗದ.