ತಡಕ್ಕೆ ಕಾರಣ

ಮೂವತ್ತೊಂದು ವರ್ಷ ಬಸ್ಸುಗಳ ವೇಳಾಪಟ್ಟಿ ಬರೆದವನು ನಾನು,
ಇನ್ನೆಸ್ ಪಿಟ್‌ಕೆತ್ಲಿ. ನಿವೃತ್ತನಾದ ವಾರಕ್ಕೇ
ಗಾಲ್ಫ್ ಕ್ಲಬ್ಬಿನವರು ಕರೆದು ಹಳದಿ ಅಂಗಿ ತೊಡಿಸಿದರು.
ಒಂದು ಬಗ್ಗಿ, ಒಂದು ಗಡಿಯಾರ, ಒಂದು ದಪ್ಪ ಪುಸ್ತಕ.
ಪುಸ್ತಕದಲ್ಲಿ ನಾಲ್ಕು ಕಾಲಂ:
ಹೊರಟ ವೇಳೆ, ಮುಗಿಸಿದ ವೇಳೆ, ತಡ, ತಡಕ್ಕೆ ಕಾರಣ.

ಹದಿನೆಂಟು ಕುಳಿಗೆ ನಾಲ್ಕು ತಾಸು, ಮೀರಬಾರದು ಅಂದರು.
ಫೈಫ್ ದಂಡೆಯ ಗಾಳಿ
ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.
ನಾನು ಕೇಳಿಸಿಕೊಂಡೆ.

ಮೇ ತಿಂಗಳ ಮೊದಲ ಶನಿವಾರ ದೂರು ಬಂತು:
ಮುಂದೆ ಯಾರೋ ಮುದುಕಿ, ನಡೆದುಕೊಂಡು ಆಡುತ್ತಾಳಂತೆ,
ಅವಳಿಂದಲೇ ಎಲ್ಲರಿಗೂ ತಡವಂತೆ.
ದೂರಿದವರು ಎರಡು ಬಗ್ಗಿಯಲ್ಲಿ ಕುಳಿತ ನಾಲ್ವರು,
ಇಳಿಯದೆಯೇ ದೂರಿದರು.

ಗ್ರಿಜೆಲ್ ವೀಮ್ಸ್. ಎಂಬತ್ತೊಂದು. ಹೆಗಲಿಗೆ ಕ್ಯಾನ್ವಾಸ್ ಚೀಲ.
ಹದಿನಾಲ್ಕು ಕೋಲಿಗೆ ಪರವಾನಗಿಯಿದ್ದರೂ
ಚೀಲದಲ್ಲಿ ಐದೇ.
ಆರನೆಯದರ ಸಂಸಾರ ನನಗೇಕೆ ಎನ್ನುವ ಹೆಂಗಸು.

ಮರಳುದಿಬ್ಬದ ಮರೆಯಲ್ಲಿ ಬಗ್ಗಿ ನಿಲ್ಲಿಸಿ
ಕಳ್ಳನ ಹಾಗೆ ಗಡಿಯಾರ ಒತ್ತಿದೆ.
ಹೊಡೆದಳು. ಚೆಂಡು ನೆಲ ಕಚ್ಚುವ ಮೊದಲೇ ಹೊರಟಳು.
ಓಡಲಿಲ್ಲ, ನಿಲ್ಲಲೂ ಇಲ್ಲ,
ಬೆಳಗಿನ ಜಾವ ಹಾಲು ಹಂಚುವವರ ನಡಿಗೆ.
ಯಾವ ಕೋಲು, ಗಾಳಿ ಎತ್ತ, ನೆಲ ಎಷ್ಟು ಗಟ್ಟಿ,
ಎಲ್ಲವೂ ದಾರಿಯಲ್ಲೇ ಇತ್ಯರ್ಥ.
ಚೆಂಡಿನ ಬಳಿ ಎರಡೇ ಉಸಿರು, ಮತ್ತೆ ಹೊಡೆತ.
ಹನ್ನೊಂದು ನಿಮಿಷಕ್ಕೆ ಕುಳಿಯಿಂದ ಚೆಂಡು ಎತ್ತಿದ್ದಳು.
ಅವಳ ಹಿಂದೆ ಒಂದಿಡೀ ಕುಳಿಯಷ್ಟು ಹುಲ್ಲು
ಖಾಲಿ ಬಿದ್ದಿತ್ತು, ಯಾರೂ ಬಂದಿರಲಿಲ್ಲ.

ಬರಬೇಕಾದವರು ಇನ್ನೂ ಅಲ್ಲೇ ಇದ್ದರು.
ಒಬ್ಬನ ಚೆಂಡು ದಿಬ್ಬದ ಗೋರ್ಸ್ ಮುಳ್ಳಿನಲ್ಲಿ,
ಜೊತೆ ಕೂತವನದು ತೊರೆಯ ಅಂಚಿಗೆ.
ಎತ್ತು ಏರಿಗೆ, ಕೋಣ ನೀರಿಗೆ,
ನಡುವೆ ಪಾಪ ಒಂದೇ ಬಗ್ಗಿ.
ಮೊದಲು ಏರಿಗೆ. ಹಿಡಿದು ಇಳಿದ ಕೋಲು ಸರಿಯಿಲ್ಲ, ವಾಪಸ್ಸು.
ಆಮೇಲೆ ನೀರಿಗೆ. ಅಲ್ಲಿ ಫೋನಿನಲ್ಲಿ ದೂರ ಅಳೆದು,
ಅಳೆದದ್ದನ್ನು ನಂಬದೆ ಇನ್ನೊಮ್ಮೆ ಅಳೆದು.
ಗಂಟೆಗೆ ಹದಿನೈದು ಮೈಲಿ ಓಡುವ ಗಾಡಿ
ಹತ್ತೊಂಬತ್ತು ನಿಮಿಷಕ್ಕೆ ಒಂದು ಕುಳಿ ದಾಟಿತು.

ತಪ್ಪು ಗಾಲಿಯದ್ದು ಅಂತಲೂ ಹೇಳಲಾರೆ.
ಲಾಕ್ಲನ್ ಬೀಟನ್‌ಗೆ ಎರಡೂ ಮಂಡಿ ಲೋಹದವು,
ಬಗ್ಗಿ ಬಿಟ್ಟರೆ ಅವನಿಗೆ ಗಾಲ್ಫ್ ಇಲ್ಲ.
ಗಾಡಿ ನಿಲ್ಲುವುದಕ್ಕೂ ಕೋಲು ಕೈಗೆ ಬರುವುದಕ್ಕೂ
ಅವನಲ್ಲಿ ಅಂತರವೇ ಇಲ್ಲ.
ಎದ್ದು ನಿಲ್ಲುವುದೇ ಕಷ್ಟವಾದವನು
ನಿಂತ ಮೇಲೆ ಹೊತ್ತು ಕಳೆಯುವುದಿಲ್ಲ.

ಕರ್ತವ್ಯ ಅಂತ ಒಂದಿದೆಯಲ್ಲ.
ಎಲ್ಲರನ್ನೂ ತಡೆದು ತಡ ಮಾಡಬೇಡಿ ಅಂದೆ.
ಅವರು ವಾದಿಸಿದರು, ನಾನು ಪುಸ್ತಕ ತೋರಿಸಿದೆ,
ಒಬ್ಬ ಕನ್ನಡಕ ಹುಡುಕಿದ.
ನ್ಯಾಯಕ್ಕೆ ಪಕ್ಷಪಾತ ಕೂಡದೆಂದು ಗ್ರಿಜೆಲ್‌ಳನ್ನೂ ನಿಲ್ಲಿಸಿದೆ.
"ಇನ್ನೆಸ್," ಅಂದಳು, ಚೀಲ ಕೆಳಗಿಡದೆ,
"ನಿನ್ನ ಹದಿನೇಳನೇ ನಂಬರ್ ಬಸ್ಸಿಗೆ
ನಲವತ್ತು ವರ್ಷ ಕಾದಿದ್ದೇನೆ. ದಾರಿ ಬಿಡು."

ರಾತ್ರಿ ಅಡುಗೆಮನೆಯ ಮೇಜಿನಲ್ಲಿ ಲೆಕ್ಕ ಹಾಕಿದೆ.
ದಿನದ ಕೊನೆಯ ಗುಂಪಿಗೆ ಐವತ್ತೊಂದು ನಿಮಿಷ ತಡ.
ನಾನು ತಡೆದದ್ದು ಹನ್ನೊಂದು ಸಲ,
ಸಲಕ್ಕೆ ನಾಲ್ಕು ನಿಮಿಷ.
ಗುಣಿಸಿದೆ. ಚಹಾ ಆರಿತು. ಮತ್ತೆ ಗುಣಿಸಿದೆ.
ಬಸ್ಸಿನ ಕಾಲದಲ್ಲಿ ಚಾಲಕರ ಹೆಸರನ್ನು
ಎಷ್ಟು ಸಲೀಸಾಗಿ ಬರೆದಿದ್ದೆ ಆ ಕಾಲಂನಲ್ಲಿ!
ನನ್ನ ಹೆಸರಿನ ಸ್ಪೆಲ್ಲಿಂಗು ಉದ್ದ,
ಗೆರೆಯಾಚೆ ಚಾಚಿಕೊಂಡಿತು.

ಮುಂದಿನ ಶನಿವಾರ ಬಗ್ಗಿಯ ಕೀಲಿ ಗೂಟಕ್ಕೇ ಬಿಟ್ಟು
ನಡೆದು ಹೊರಟೆ.
ಕಡಲ ಮಂಜು ಇನ್ನೂ ಎದ್ದಿರಲಿಲ್ಲ.
ನಾಲ್ಕನೆಯ ಕುಳಿಗೇ ದಮ್ಮು.
ಇಬ್ಬನಿಯ ಮೇಲೆ ಒಂದು ಸಾಲು ಹೆಜ್ಜೆ,
ಎಲ್ಲೂ ತಿರುಗಿ ನೋಡದ್ದು.
ಪಕ್ಕದಲ್ಲಿ ನನ್ನದು,
ಆರು ನಿಮಿಷ ಹಿಂದೆ.